ಇಳಿಜಾರಿನಲ್ಲಿ ಸಿಡಿದ ಸೈಲೆನ್ಸರ್

ಅಕ್ಕ ಅವತ್ತು ಬೈಕನ್ನು ತಳ್ಳಿಕೊಂಡು ಬಂದಳು. ಹಿಂದೆಯೇ ಬಂದ ಭಾವ ಕೈ ಹಚ್ಚಿರಲಿಲ್ಲ. ಆಗಷ್ಟೇ ಗ್ಯಾರೇಜಿನ ಬಾಗಿಲು ತೆಗೆದಿದ್ದ ತಮ್ಮ ಇಬ್ಬರ ಮುಖ ನೋಡಿ ಬೈಕನ್ನು ಒಳಗೆಳೆದುಕೊಂಡ.

ಅಕ್ಕ ಟೀಚರು. ಹಿಂದಿನ ಸಂಜೆ ಶಾಲೆ ಬಿಟ್ಟು ಮನೆಗೆ ಬರುವಾಗ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಿದ್ದಳು. ಸೈಲೆನ್ಸರ್ ಪಟಾರನೆ ಸಿಡಿಯಿತು. ಮುಂದೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಬೈಂಡರ್ ಅಜ್ಜ ಬೆಚ್ಚಿಬಿದ್ದು ಹ್ಯಾಂಡಲ್ ತಿರುಗಿಸಿದ, ಚರಂಡಿಗೆ ಉರುಳಿದ. ಬಲಗೈ ಮಣಿಕಟ್ಟು ಮುರಿಯಿತು. ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದೇ ಅವನ ಕಸುಬು.

"ಹಳೇ ಗಾಡಿ ಓಡಿಸೋಕೆ ಕೈಹದ ಬೇಕು," ಎಂದರು ಭಾವ. "ಇವಳು ಗಕ್ಕನೆ ಬಿಡ್ತಾಳೆ, ಅದು ಸಿಡಿಯುತ್ತೆ. ನೀನೊಂದ್ಸಲ ನೋಡಿ ಗಾಡೀದೇನೂ ತಪ್ಪಿಲ್ಲ ಅಂತ ಹೇಳಿಬಿಡು. ಇವಳ ಸವಾರಿ ಇವತ್ತಿಗೆ ಸಾಕು."

ನಿದ್ದೆಯಿಲ್ಲದೆ ಅಕ್ಕನ ಕಣ್ಣು ಕೆಂಪಗಾಗಿತ್ತು.

ತಮ್ಮ ಕಾರ್ಬುರೇಟರ್ ಬಿಚ್ಚಿದ. ಒಳಗೆ ಪೆಟ್ರೋಲು ಹರಿಯುವ ಸಣ್ಣ ಜೆಟ್ಟನ್ನು ಬೆಳಕಿಗೆ ಹಿಡಿದ. ಸೂಜಿಮೊನೆಯಷ್ಟು ತೂತು, ಕಸವಿರಲಿಲ್ಲ. ಕಾರ್ಬುರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರನ್ನು ಬಗ್ಗಿಸಿ ನೋಡಿದ; ಬಿರುಕಿರಲಿಲ್ಲ. ಎಲ್ಲ ಮೊದಲಿನಂತೆ ಜೋಡಿಸಿ, ಗಾಳಿಯ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ, ಕಿಕ್ ಹೊಡೆದ. ಆಕ್ಸಿಲರೇಟರ್ ಏರಿಸಿ ಬಿಟ್ಟ.

ಫಟ್, ಫಟ್, ಪಟಾರ್.

ಅಕ್ಕ ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿದಳು.

"ನೀನೂ ಗಕ್ಕನೆ ಬಿಟ್ಟೆ," ಎಂದರು ಭಾವ.

ತಮ್ಮ ಈ ಸಲ ಮೆಲ್ಲಗೆ ಬಿಟ್ಟ. ಆಗಲೂ ಸಿಡಿಯಿತು. ಭಾವ ಮೊಬೈಲ್ ತೆಗೆದು ಬಾಗಿಲಾಚೆ ಹೋದರು.

ನೋಡಲು ಇನ್ನು ಒಂದೇ ಜಾಗ ಉಳಿದಿತ್ತು. ಅದು ನೆನಪಾಗಿ ತಮ್ಮ ಇಂಜಿನ್ನಿನ ಬುಡಕ್ಕೆ ಬಗ್ಗಿದ. ತಿಂಗಳ ಹಿಂದೆ ಅವನೇ ಸೈಲೆನ್ಸರ್ ಪೈಪು ಬಿಚ್ಚಿ ಮತ್ತೆ ಕೂಡಿಸಿದ್ದ. ಇಂಜಿನ್ನಿಗೆ ಪೈಪು ಸೇರುವಲ್ಲಿ ಕೂರುವ ತಾಮ್ರದ ರಿಂಗು ಚಪ್ಪಟೆಯಾಗಿತ್ತು. ಹೊಸದನ್ನು ತರಲು ಬೇಸರವಾಗಿ, ಅಕ್ಕಂದೇ ಗಾಡಿ ತಾನೇ ಎಂದು ಹಳೆಯದನ್ನೇ ಹಾಕಿ ಬಿಗಿದಿದ್ದ.

"ಅಕ್ಕಾ, ಈ ಒದ್ದೆ ಬಟ್ಟೆ ಸೈಲೆನ್ಸರ್ ಬಾಯಿಗೆ ಒತ್ತಿ ಹಿಡಿ. ಹೆದರಬೇಡ, ನಾನು ಏರಿಸಲ್ಲ."

ಅವಳು ಕೂತು ಒತ್ತಿದಳು. ಹೊರದಾರಿ ಮುಚ್ಚಿದ ಹೊಗೆ ಇಂಜಿನ್ನಿನ ಬುಡದಲ್ಲಿ ಬುಸ್ ಬುಸ್ ಎಂದು ನುಗ್ಗಿತು. ಅವನು ಇಂಜಿನ್ ಆರಿಸಿ ನಟ್ಟು ಸಡಿಲಿಸಿದ. ರಿಂಗು ಬಂತು, ಒಂದು ಕಡೆ ಸವೆದು ಮಸಿ ಹಿಡಿದಿತ್ತು. ಅವನು ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ಹೊಸ ರಿಂಗು ಈಗ ಡ್ರಾಯರಿನಲ್ಲೇ ಇತ್ತು. ಹಾಕಲು ಎರಡು ನಿಮಿಷ. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಏನಾದ್ರೂ ಸಿಕ್ತಾ?" ಭಾವ ಬಾಗಿಲಿಂದ ಕೇಳಿದರು. "ಏನೂ ಇಲ್ಲ ತಾನೇ?"

"ಇಲ್ಲ ಅಂದುಬಿಡೋ," ಅಕ್ಕ ಮೆಲ್ಲಗೆ ಹೇಳಿದಳು. "ನಂಗೂ ಸಾಕಾಗಿದೆ."

ತಮ್ಮ ಮುಷ್ಟಿ ಬಿಚ್ಚಿದ.

"ಅಕ್ಕಂದು ತಪ್ಪಿಲ್ಲ ಭಾವ. ನಂದು. ಸವೆದ ರಿಂಗನ್ನೇ ಮತ್ತೆ ಹಾಕಿದ್ದೆ. ಆ ಸಂದಿಯಿಂದ ಗಾಳಿ ಎಳ್ಕೊಂಡು, ಉರಿಯದೆ ಉಳಿದ ಪೆಟ್ರೋಲು ಪೈಪಿನೊಳಗೇ ಹೊತ್ಕೊಳ್ಳುತ್ತೆ. ಯಾರು ಓಡಿಸಿದ್ರೂ ಸಿಡೀತಿತ್ತು."

ಭಾವ ಮೊಬೈಲನ್ನು ಜೇಬಿಗೆ ಇಳಿಸಿದರು. ಅಕ್ಕ ಆ ರಿಂಗನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ರಾತ್ರಿಯೆಲ್ಲಾ ನಾನು..." ಎಂದವಳು ಅಲ್ಲಿಗೇ ನಿಲ್ಲಿಸಿದಳು. "ಹೊಸದು ಹಾಕು. ಹಾಕಿ ನನ್ನ ಹಿಂದೆ ಕೂತ್ಕೋ. ಇದೇ ಮಾತು ಆ ಅಜ್ಜನ ಎದುರೂ ಹೇಳಬೇಕು."

ಇಳಿಜಾರಿನ ತಲೆಯಲ್ಲಿ ಅವಳು ಒಂದು ಗಳಿಗೆ ನಿಂತಳು. ಹಿಂದೆ ಕೂತ ತಮ್ಮ ಸೀಟಿನ ಅಂಚು ಹಿಡಿದುಕೊಂಡ. ಅವಳು ಇಳಿಯತೊಡಗಿ ಆಕ್ಸಿಲರೇಟರ್ ಪೂರ್ತಿ ಬಿಟ್ಟಳು. ಇಂಜಿನ್ನಿನ ಗುರುಗುರು ಸದ್ದು ತಗ್ಗಿತು, ಅಷ್ಟೇ.

ಬೈಂಡರ್ ಅಜ್ಜ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದ. ಸುತ್ತ ಅರ್ಧ ಹೊಲಿದ ಪುಸ್ತಕಗಳ ರಾಶಿ. ಎಲ್ಲ ಕೇಳಿ ಎಡಗೈಯಿಂದ ಒಂದು ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡ.

"ಹಳೇ ದಾರ ಹಾಕಿ ನಾನೂ ಹೊಲಿದಿದ್ದೀನಿ," ಎಂದ. "ಆದ್ರೆ ಅದ್ರಿಂದ ಯಾರ ಕೈಯೂ ಮುರೀಲಿಲ್ಲ."

ಅಜ್ಜ ಆ ಪುಸ್ತಕವನ್ನು ತಮ್ಮನ ಕಡೆ ಸರಿಸಿದ.

"ಇನ್ನು ಆರು ವಾರ ನಂಗೆ ಎಡಗೈ ಒಂದೇ. ದಿನಾ ಬೆಳಿಗ್ಗೆ ಗ್ಯಾರೇಜ್ ತೆಗೆಯೋಕೆ ಮುಂಚೆ ಬಾ. ಹೇಳ್ಕೊಡ್ತೀನಿ, ಹೊಲಿ."

ತಮ್ಮ ಒಂದು ದಿನವೂ ತಪ್ಪಿಸದೆ ಹೋದ. ಮೊದಲ ವಾರ ಅವನು ಹೊಲಿದದ್ದನ್ನೆಲ್ಲ ಅಜ್ಜ ಬಿಚ್ಚಿಸಿ ಮತ್ತೆ ಹೊಲಿಸಿದ.