ಮಾವನಿಗೆ ಬೇರೆ ಪಾತ್ರೆ

ನಮ್ಮ ಮನೆಯಲ್ಲಿ ಉಣ್ಣುವವರು ನಾಲ್ಕು ಜನ, ಅಡುಗೆ ಮೂರು ಬಗೆ. ನಾಲ್ಕನೆಯವಳು ನಾನು, ಯಾವ ಪಾತ್ರೆಯಲ್ಲಿ ಏನು ಉಳಿದರೂ ನನಗೆ ನಡೆಯುತ್ತದೆ. ಮಾವನ ಕಿಡ್ನಿಗಳು ಅರ್ಧಕ್ಕಿಂತ ಹೆಚ್ಚು ಕೈಕೊಟ್ಟಿವೆ. ಗಂಡನಿಗೆ ಸಕ್ಕರೆ ಕಾಯಿಲೆ. ಮಗಳು ಪುಟ್ಟಿಗೆ ಗೋಧಿ ಆಗುವುದಿಲ್ಲ, ಒಂದು ಚೂರು ಬ್ರೆಡ್ ತಿಂದರೂ ಹೊಟ್ಟೆ ಹಿಡಿದುಕೊಂಡು ಮಲಗುತ್ತಾಳೆ. ಕಾಯಿಲೆ ಹಂಚಿದವನು ಮನೆಗೊಂದು ಎಂದು ಹಂಚಬಾರದಿತ್ತೇ, ಅಡುಗೆ ಮಾಡುವವಳ ಗತಿ ಏನು ಎಂದು ಒಂದು ಗಳಿಗೆ ಯೋಚಿಸಬಾರದಿತ್ತೇ ಎಂದು ಎಷ್ಟೋ ಸಲ ಬೈದುಕೊಂಡಿದ್ದೇನೆ.

ಒಬ್ಬರಿಗೆ ತಿನ್ನಿ ಎಂದು ಡಾಕ್ಟರು ಹೇಳಿದ್ದನ್ನೇ ಇನ್ನೊಬ್ಬರಿಗೆ ಮುಟ್ಟಬೇಡಿ ಎಂದಿದ್ದಾರೆ. ಗಂಡ ಸೊಪ್ಪು, ಕಾಳು ಹೊಟ್ಟೆತುಂಬ ತಿನ್ನಬೇಕು. ಮಾವ ಅವುಗಳ ಹತ್ತಿರ ಸುಳಿಯಬಾರದು, ಪೊಟ್ಯಾಸಿಯಂ ಜಾಸ್ತಿ. ಮಾವನಿಗೆ ಬಿಳಿ ಅನ್ನ ಒಳ್ಳೆಯದು. ಗಂಡನಿಗೆ ಅದನ್ನು ನೋಡಿದರೇ ಸಕ್ಕರೆ ಏರುತ್ತದೆ. ಗಂಡನಿಗೆಂದು ತಂದ ಬ್ರೆಡ್ಡಿನ ಪುಡಿ ಪುಟ್ಟಿಯ ತಟ್ಟೆಗೆ ಹಾರಬಾರದು, ಹಾಗಾಗಿ ಅದನ್ನು ಕೊಯ್ಯುವ ಚಾಕುವನ್ನೇ ಬೇರೆ ಇಟ್ಟಿದ್ದೇನೆ. ಇದನ್ನೆಲ್ಲ ನೆನಪಿಡುವುದು ನನ್ನ ಪಾಲಿನ ಕೆಲಸ. ಉಳಿದವರದು ತಟ್ಟೆ ನೋಡಿ ಮುಖ ಸಿಂಡರಿಸುವುದು.

ಮಾವನ ಅಡುಗೆಗೆ ಪಾತ್ರೆಯೂ ಬೇರೆ. ಅವರ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಪೊಟ್ಯಾಸಿಯಂ ಇಳಿಯಲೆಂದು ನೀರಲ್ಲಿ ನೆನೆಹಾಕಬೇಕು. ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ, ಅದನ್ನೂ ಬಸಿದು ಚೆಲ್ಲಬೇಕು. ಅಷ್ಟು ಹೊತ್ತಿಗೆ ತರಕಾರಿಗೆ ಬಣ್ಣವೂ ಇರುವುದಿಲ್ಲ, ಮಾನವೂ ಇರುವುದಿಲ್ಲ. ಉಪ್ಪು ಔಷಧಿಯ ಚಮಚದಲ್ಲಿ ಅಳೆದು ಹಾಕುವಷ್ಟು. ಅವರ ಅಡುಗೆಯ ರುಚಿಯನ್ನು ನಾನು ಎಂದೂ ನೋಡುತ್ತಿರಲಿಲ್ಲ. ನೋಡಿದರೆ ಪಾಪ ಎನಿಸಿ ಕೈ ಜಾರೀತು ಎಂಬ ಭಯ.

ಮಾವ ಬಸ್ಸು ಓಡಿಸುತ್ತಿದ್ದವರು. ದೂರದ ದಾರಿಗಳಲ್ಲಿ ಯಾವ ಹೋಟೆಲಿನಲ್ಲಿ ಏನು ಚೆನ್ನ ಎಂಬುದು ಅವರಿಗೆ ಬಾಯಿಪಾಠ. ಅಂಥ ನಾಲಿಗೆಯ ಮುಂದೆ ನಾನು ಆ ತಟ್ಟೆ ಇಟ್ಟಾಗ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡುತ್ತಿದ್ದರು.

"ಇವತ್ತು ಯಾವ ಪೇಪರ್ ಬೇಯಿಸಿದ್ದೀಯಾ ತಾಯಿ? ನಿನ್ನೇದಾ, ಮೊನ್ನೇದಾ?"

"ನಿನ್ನೇದು ಮಾವ. ಸುದ್ದಿ ಚೆನ್ನಾಗಿದೆ, ಬಿಸಿ ಇರೋವಾಗ್ಲೇ ಓದಿಬಿಡಿ" ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಆಮೇಲೆ ಅವರು ಅರ್ಧ ತಿಂದು ತಟ್ಟೆ ಸರಿಸುತ್ತಿದ್ದರು.

ಬೆಳಗಿನ ಅಡುಗೆ ಮುಗಿಸಿ ನಾನು ದರ್ಜಿ ಅಂಗಡಿಗೆ ಓಡುತ್ತಿದ್ದೆ. ಕಿಟಕಿಯ ಪಕ್ಕದ ಹೊಲಿಗೆ ಯಂತ್ರ ನನ್ನದು. ಅಲ್ಲಿಯೂ ಒಬ್ಬೊಬ್ಬರಿಗೆ ಒಂದೊಂದು ಅಳತೆ, ಆದರೆ ಬಟ್ಟೆ ಯಾರನ್ನೂ ಬೈಯುವುದಿಲ್ಲ. ಪ್ಯಾಂಟಿನ ಅಂಚು ಮಡಿಸುತ್ತ ರಾತ್ರಿಯ ಊಟದ ಲೆಕ್ಕ ಹಾಕುತ್ತಿದ್ದೆ. ಇಡೀ ದಿನದಲ್ಲಿ ನಾನು ಕೂತು ಮಾಡುವ ಕೆಲಸ ಅದೊಂದೇ. ನಾನು ಮಾಡಿದ್ದನ್ನು ಜನ ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡುವುದು ನನಗೆ ಇಷ್ಟವಾಗಿತ್ತು.

ಭಾವ, ಅಂದರೆ ಗಂಡನ ಅಣ್ಣ, ಊರಿನ ಆ ತುದಿಯಲ್ಲಿ ಮಂಚ, ಬೀರು ಮಾರುವ ಅಂಗಡಿ ಇಟ್ಟಿದ್ದಾರೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಬರುತ್ತಾರೆ, ಅದೂ ಮನಸ್ಸಾದರೆ. ಅವರು ಬರುವ ದಿನ ಮಾವ ಬೆಳಗಿನಿಂದ ಗೇಟಿನ ಸದ್ದಿಗೆ ಕಿವಿ ಕೊಟ್ಟಿರುತ್ತಾರೆ. ಬಂದ ಮೇಲೆ ಅಪ್ಪನ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತು, ಊಟ ಮಾಡಿ, "ಸೊರಗಿಹೋಗಿದ್ದಾರೆ ಅಪ್ಪ" ಎಂದು ನನಗೆ ಕೇಳುವ ಹಾಗೆ ತಮ್ಮನಿಗೆ ಹೇಳಿ ಹೋಗುತ್ತಾರೆ.

ಅಂಥದೊಂದು ಭಾನುವಾರದ ನಂತರ ಮಾವ ತಟ್ಟೆ ಖಾಲಿ ಮಾಡತೊಡಗಿದರು. ಮೊದಲ ದಿನ ನಂಬಲಾಗಲಿಲ್ಲ. ಕೋಣೆಯಲ್ಲೇ ಉಣ್ಣುತ್ತೇನೆ, ಸೊಂಟ ನೋವು ಎಂದಿದ್ದರು, ಹಾಗಾಗಿ ತಟ್ಟೆ ಅಲ್ಲಿಗೇ ಕೊಟ್ಟಿದ್ದೆ. ತರಲು ಹೋದರೆ ಒಂದು ಅಗುಳೂ ಉಳಿದಿಲ್ಲ.

"ಏನ್ ಮಾಡಿದ್ಯಮ್ಮಾ ಇವತ್ತು? ಬಹಳ ರುಚಿಯಾಗಿತ್ತು" ಎಂದರು.

"ದಿನಾ ಮಾಡೋದೇ ಮಾವ."

"ಇಲ್ಲ, ಇಲ್ಲ. ನಿನ್ನ ಕೈಗೆ ಈಗ ಹದ ಸಿಕ್ಕಿದೆ."

ನಾನು ಹಿರಿಹಿರಿ ಹಿಗ್ಗಿಹೋದೆ. ಮರುದಿನವೂ ತಟ್ಟೆ ಖಾಲಿ, ಅದರ ಮರುದಿನವೂ. ಅಂಗಡಿಯ ಯಜಮಾನಿಗೆ ಹೇಳಿಕೊಂಡೆ, ಗಂಡನಿಗೆ ಹೇಳಿಕೊಂಡೆ. ಬಿಳುಚಿದ ತರಕಾರಿಯನ್ನು ಆ ವಯಸ್ಸಿನವರು ಚಪ್ಪರಿಸಿ ತಿನ್ನುವ ಹಾಗೆ ಮಾಡಿದ್ದೇನೆ ಎಂದರೆ ಸುಮ್ಮನೆಯೇ ಎಂದುಕೊಂಡೆ. ಅಷ್ಟು ವರ್ಷ ಆ ಪಾತ್ರೆಯ ಮುಂದೆ ನಿಂತದ್ದಕ್ಕೆ ಹೊಟ್ಟೆ ತಣ್ಣಗಾಯಿತು.

ಆಗ ಶಾಲೆಗಳು ತೆರೆಯುವ ಸಮಯ, ಅಂಗಡಿಯಲ್ಲಿ ಸಮವಸ್ತ್ರಗಳ ರಾಶಿ. ಒಂದು ಬೆಳಿಗ್ಗೆ ಅವಸರದಲ್ಲಿ ಹೊರಟಿದ್ದೆ, ಮಾವ ಮಂಚದಿಂದ ಏಳಲಿಲ್ಲ. ಕಾಲು ಎತ್ತಲು ಆಗುತ್ತಿಲ್ಲ ಎಂದರು. ಕೈ ಹಿಡಿದರೆ ತಣ್ಣಗಿತ್ತು, ನಾಡಿ ಎಲ್ಲೋ ಒಂದೊಂದು ಸಲ ಬಡಿಯುತ್ತಿತ್ತು. ಆಸ್ಪತ್ರೆಗೆ ಹೊತ್ತು ಒಯ್ದೆವು. ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಹಾಕಿದ ಮೇಲೆ ಡಾಕ್ಟರು ಹೊರಗೆ ಬಂದು, ಪೊಟ್ಯಾಸಿಯಂ ವಿಪರೀತ ಏರಿತ್ತು, ಇನ್ನು ಸ್ವಲ್ಪ ತಡವಾಗಿದ್ದರೆ ಹೃದಯವೇ ನಿಂತುಹೋಗುತ್ತಿತ್ತು ಎಂದರು. ಮನೆಯಲ್ಲಿ ಅಡುಗೆ ಯಾರು ಮಾಡುವುದು ಎಂದು ಕೇಳಿದರು.

ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಮಾಡುವುದನ್ನೆಲ್ಲ ಒಪ್ಪಿಸಿದೆ. ನೆನೆಹಾಕುವುದು, ಬಸಿಯುವುದು, ಅಳೆಯುವುದು. "ದಿನಾ ಮಾಡ್ತೀರಾ, ತಪ್ಪದೆ?" ಎಂದರು ಡಾಕ್ಟರು. ಹೌದು ಎಂದೆ, ಆದರೆ ಹೇಳುವಾಗ ನನಗೇ ಅನುಮಾನ ಬಂತು. ಈ ಗಡಿಬಿಡಿಯ ದಿನಗಳಲ್ಲಿ ಎಂದಾದರೂ ನೀರು ಬಸಿಯದೆ ಬಿಟ್ಟೆನೇ? ಎಷ್ಟು ನೆನಪಿಸಿಕೊಂಡರೂ ಒಂದು ದಿನ ಇನ್ನೊಂದರ ಮೇಲೆ ಕೂತು ಯಾವುದೂ ಸ್ಪಷ್ಟವಾಗಲಿಲ್ಲ.

ಭಾವ ಗೋಡೆಗೆ ಒರಗಿ ನಿಂತಿದ್ದರು. "ಮನೇಲಿ ಇರೋರು ಮನೆ ಕಡೆ ಗಮನ ಕೊಡಬೇಕು. ಊರವರ ಬಟ್ಟೆ ಹೊಲಿಯೋಕೆ ಟೈಮ್ ಇರುತ್ತೆ" ಎಂದರು.

ಗಂಡ ನನ್ನನ್ನು ಮೆಟ್ಟಿಲ ಹತ್ತಿರ ಕರೆದೊಯ್ದ. "ನಾಳೆಯಿಂದ ಅಂಗಡಿ ಬೇಡ. ಅಪ್ಪನಿಗೆ ಏನಾದ್ರೂ ಆಗಿದ್ರೆ ನಾನು ಅಣ್ಣನಿಗೆ ಹೇಗೆ ಮುಖ ತೋರಿಸಲಿ?"

ಅಪ್ಪ ಸತ್ತರೆ ಎಂಬ ದುಃಖಕ್ಕಿಂತ ಅಣ್ಣನಿಗೆ ತೋರಿಸುವ ಮುಖವೇ ದೊಡ್ಡದಾಗಿತ್ತು ಅವನಿಗೆ. ಆದರೂ ನಾನು ಎದುರಾಡಲಿಲ್ಲ. ತಪ್ಪು ನನ್ನದೇ ಎಂದು ನಂಬಿದ್ದೆ. ಅಂಗಡಿಗೆ ಹೋಗಿ ಕತ್ತರಿ, ಅಳತೆಪಟ್ಟಿ ತೆಗೆದುಕೊಂಡು ಬಂದೆ. ಯಜಮಾನಿ ಬೇಸರಪಟ್ಟರು. ಮರುದಿನದಿಂದಲೇ ಕಿಟಕಿಯ ಪಕ್ಕ ಬೇರೊಬ್ಬಳನ್ನು ಕೂರಿಸಿದರು. ಅವರಾದರೂ ಏನು ಮಾಡಿಯಾರು.

ಮಾವ ಮನೆಗೆ ಬರುವ ದಿನ ಅವರ ಕೋಣೆ ಗುಡಿಸಿ, ಹಾಸಿಗೆ ಬದಲಿಸಿದೆ. ಗಡ್ಡ ಮಾಡಿಕೊಳ್ಳುವ ಸಾಮಾನಿನ ಡಬ್ಬಿಯನ್ನು ಒರೆಸಲು ಎತ್ತಿದಾಗ ಅದರ ಹಿಂದೆ ಒಂದು ಬಾಟಲಿ ಕಂಡಿತು. ಮುಚ್ಚಳದಲ್ಲಿ ತೂತುಗಳು. ಉಪ್ಪಿಗೆ ಬದಲು ಬಳಸುವ ಉಪ್ಪು, ರಕ್ತದೊತ್ತಡ ಇರುವವರಿಗೆ ಒಳ್ಳೆಯದು ಎಂದು ಮೇಲೆ ಬರೆದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಪೊಟ್ಯಾಸಿಯಂ, ಕಿಡ್ನಿ ತೊಂದರೆ ಇರುವವರು ಬಳಸಬಾರದು ಎಂದಿತ್ತು. ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಮೊದಲು ಉಪ್ಪು, ಆಮೇಲೆ ನಾಲಿಗೆಯ ಬುಡದಲ್ಲಿ ಕಹಿ. ಬಾಟಲಿ ಮುಕ್ಕಾಲು ಖಾಲಿಯಾಗಿತ್ತು.

ಭಾವನಿಗೆ ರಕ್ತದೊತ್ತಡ ಇದೆ. ನಮ್ಮ ಊಟದ ಮೇಜಿನ ಮೇಲೂ ಇಂಥದೇ ಬಾಟಲಿಯನ್ನು ಜೇಬಿನಿಂದ ತೆಗೆದು ಇಟ್ಟುಕೊಳ್ಳುತ್ತಿದ್ದರು. ನನಗೆ ಬೇರೆ ಯಾವ ಸಾಕ್ಷಿಯೂ ಬೇಕಾಗಲಿಲ್ಲ. ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಅಷ್ಟು ದಿನ ನಾನು ಹಿಗ್ಗಿದ್ದು ಈ ಬಾಟಲಿಯ ರುಚಿಗೆ. ಮಾವ ಮತ್ತೆ ಇದನ್ನು ಮುಟ್ಟಬಾರದು ಎಂದು ಇದ್ದುದನ್ನೆಲ್ಲ ಬಚ್ಚಲಿಗೆ ಸುರಿದು ನೀರು ಬಿಟ್ಟೆ. ಬಾಟಲಿಯನ್ನು ಕಸದ ಗಾಡಿಗೆ ಹಾಕಿದೆ.

ಮಾವ ಬಂದು ಮಲಗಿದ ಮೇಲೆ ಬಾಗಿಲು ಮುಂದೆ ಮಾಡಿ ಕೇಳಿದೆ.

"ಆ ಉಪ್ಪು ಯಾರು ಕೊಟ್ರು ಮಾವ?"

ಅವರು ಗೋಡೆಯ ಕಡೆ ತಿರುಗಿಕೊಂಡರು. "ದೊಡ್ಡವನು. ಏನೂ ಆಗಲ್ಲ, ಎಷ್ಟು ಬೇಕಾದ್ರೂ ಹಾಕ್ಕೋ ಅಪ್ಪ ಅಂದ. ಅವನಿಗೆ ಗೊತ್ತಿರಲಿಲ್ಲಮ್ಮಾ" ಎಂದರು.

"ಪೊಟ್ಯಾಸಿಯಂ ಅಂತ ಡಾಕ್ಟರು ಹೇಳಿದಾಗ್ಲೇ ನಿಮಗೆ ಹೊಳೆದಿತ್ತಲ್ಲ. ನನ್ನ ಮೇಲೆ ಗೂಬೆ ಕೂರಿಸೋವಾಗ ನೀವು ಒಂದು ಮಾತು ಆಡಲಿಲ್ಲ."

"ಆಡಿದ್ರೆ ಅವನು ಬರೋದು ನಿಲ್ಲಿಸಿಬಿಡ್ತಾನೆ. ಅವನ ಸ್ವಭಾವ ನಿನಗೆ ಗೊತ್ತಲ್ಲ. ಭಾನುವಾರ ಒಂದು ದಿನ ಬರ್ತಾನೆ, ಅದನ್ನೂ ಕಳ್ಕೊಳ್ಳಲಾ?" ಕಣ್ಣು ಒರೆಸಿಕೊಂಡರು. "ನಿನಗೆ ಸಿಟ್ಟು ಬಂದ್ರೂ ನೀನು ಎಲ್ಲಿಗೆ ಹೋಗ್ತೀಯಾ ತಾಯಿ? ಇಲ್ಲೇ ಇರ್ತೀಯಲ್ಲ."

ಅದನ್ನು ಅವರು ಪ್ರೀತಿಯಿಂದಲೇ ಹೇಳಿದರು. ಅದೇ ನನಗೆ ತಡೆಯಲಾಗಲಿಲ್ಲ. ಆದರೂ ಅವರ ಕೈಯಲ್ಲಿ ಇನ್ನೂ ಸೂಜಿಯ ಗುರುತುಗಳಿದ್ದವು. ಸುಮ್ಮನೆ ಹೊರಗೆ ಬಂದು ಅಡುಗೆಗೆ ಇಟ್ಟೆ. ಹೋಗಲಿ, ಮುದುಕರು, ಮಗನ ಆಸೆ ಎಂದು ನುಂಗಿಕೊಂಡೆ.

ಭಾನುವಾರ ಭಾವ ಬಂದರು. ಎಲ್ಲರೂ ಮೇಜಿಗೆ ಕೂತರು, ಮಾವನೂ ಎದ್ದು ಬಂದರು. ನಾನು ಬಡಿಸುತ್ತಿದ್ದೆ.

"ಈಗ ಊಟ ಸರಿಯಾಗಿ ಕೊಡ್ತಾರಾ ಅಪ್ಪ?" ಎಂದು ಭಾವ ಕೇಳಿದರು.

ಮಾವ ಮಗನ ಮುಖ ನೋಡಿ ನಕ್ಕರು. "ಈಗ ಪರವಾಗಿಲ್ಲ ಕಣೋ. ಈಗ ಮನೇಲೇ ಇರ್ತಾಳಲ್ಲ, ನಿಗಾ ಇದೆ."

ಪಿತ್ತ ನೆತ್ತಿಗೇರಿತು. ಸುಮ್ಮನಿರುವುದಕ್ಕೆ ನಾನು ಒಪ್ಪಿದ್ದೆ. ಮಗನ ತಟ್ಟೆಗೆ ನನ್ನನ್ನೇ ಬಡಿಸುವುದಕ್ಕೆ ಒಪ್ಪಿರಲಿಲ್ಲ.

"ಭಾವ, ಮಾವನಿಗೆ ಹಾಗಾಗಿದ್ದು ನನ್ನ ಅಡುಗೆಯಿಂದ ಅಲ್ಲ. ನೀವು ಕೊಟ್ಟ ಬಾಟಲಿ ಉಪ್ಪಿನಿಂದ. ಅದು ಪೂರ್ತಿ ಪೊಟ್ಯಾಸಿಯಂ. ಮಾವನೇ ನನಗೆ ಹೇಳಿದ್ರು."

ಗಂಡನ ಕೈ ತಟ್ಟೆಯಲ್ಲೇ ನಿಂತಿತು. ಪುಟ್ಟಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಭಾವ ತಲೆ ಎತ್ತಲಿಲ್ಲ.

"ಯಾವ ಉಪ್ಪು?" ಎಂದರು ಮಾವ. "ನಾನೇನು ಹೇಳಿದೆ? ನಂಗೇನೂ ಗೊತ್ತಿಲ್ಲಪ್ಪ."

"ಮಾವ!"

"ಎಲ್ಲಿ, ಆ ಬಾಟಲಿ ತಗೊಂಡು ಬಾ" ಎಂದ ಗಂಡ.

ಬಾಟಲಿ ಎಲ್ಲಿಂದ ತರಲಿ? ಮಾವನ ಜೀವಕ್ಕೆ ಹೆದರಿ ನಾನೇ ಎಸೆದಿದ್ದೆ. ಭಾವನೂ ಅವತ್ತು ತಮ್ಮ ಬಾಟಲಿಯನ್ನು ಜೇಬಿನಿಂದ ತೆಗೆದಿರಲಿಲ್ಲ. ಎಸೆದೆ ಎಂದೆ. ಗಂಡ ಒಂದು ಥರ ನಕ್ಕ. "ನಿನ್ನ ತಪ್ಪು ಮುಚ್ಚೋಕೆ ನನ್ನ ಅಣ್ಣನೇ ಸಿಕ್ಕಿದ್ನಾ? ನಾಚಿಕೆ ಆಗಲ್ವಾ?"

ನಾನು ಭಾವನ ಮುಖವನ್ನೇ ನೋಡಿದೆ. ಕೊಟ್ಟದ್ದು ಅವರಿಗೆ ಗೊತ್ತು. ಒಂದು ಮಾತು, ಹೌದು ಎಂಬ ಒಂದೇ ಮಾತು ಸಾಕಿತ್ತು. ಅವರ ಕಿವಿ ಕೆಂಪಾಗಿತ್ತು. ತಟ್ಟೆಯಲ್ಲಿದ್ದ ತರಕಾರಿಯನ್ನು ಬೆರಳಿನಿಂದ ಅತ್ತಿತ್ತ ಸರಿಸಿದರು. ಆಮೇಲೆ ತಟ್ಟೆಯನ್ನು ನನ್ನ ಕಡೆಗೆ ಚೂರು ಮುಂದೆ ತಳ್ಳಿದರು.

"ಅನ್ನ ಹಾಕಿ" ಎಂದರು.

ಹಾಕಿದೆ. ಮಾವ ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಎಲ್ಲಿಗೂ ಹೋಗಿರಲಿಲ್ಲ.