ಸವತಿಗೆ ಗಾಳಿ ಹಾಕಿದ್ದು

ಗಡಿಯಾರ ರಿಪೇರಿಯವರ ಮನೆಯಲ್ಲಿ ಹಳೆಯ ವ್ಯಾನಿನ ಹೆಸರು ‘ಸವತಿ’. ಹೆಸರಿಟ್ಟವರು ಅವರ ಹೆಂಡತಿ, ಬೀದಿಗೆಲ್ಲ ಟೈಲರಮ್ಮ. ದುಂಡು ಮೂತಿಯ, ಎಂಜಿನ್ನನ್ನು ಬೆನ್ನಿಗೆ ಹೊತ್ತ ಆ ವ್ಯಾನನ್ನು ಗಡಿಯಾರದವರು ಒಂದು ಮಾತೂ ಕೇಳದೆ ಮನೆಗೆ ತಂದಿದ್ದರು. ಅಂದಿನಿಂದ ರಜೆ ಬಂತೆಂದರೆ ಅವರ ಕಾಲೆರಡು ಮಾತ್ರ ಹೊರಗೆ, ಉಳಿದ ಮೈಯೆಲ್ಲ ವ್ಯಾನಿನಡಿ. ಊಟಕ್ಕೆ ಕರೆಯಲು ಬಂದ ಟೈಲರಮ್ಮ ಆ ಕಾಲುಗಳ ಜೊತೆಯೇ ಜಗಳ ಕಾಯಬೇಕಿತ್ತು.

“ರೀ, ನನ್ನ ಮುಖ ನೆನಪಿದೆಯೋ ಇಲ್ಲವೋ? ಅವಳ ನಟ್ಟು ಬೋಲ್ಟೆಲ್ಲ ಬಾಯಿಪಾಠ ಆಗಿದೆ.”

“ಬಂದೆ ಕಣೆ, ಇದೊಂದು ಬಿಗಿ ಮಾಡಿ ಬಂದೆ,” ಎನ್ನುತ್ತಿದ್ದವು ಕಾಲುಗಳು. ಸಾರು ಆರಿದ ಮೇಲೆ ಬರುತ್ತಿದ್ದವು.

ಟೈಲರಮ್ಮ ಒಮ್ಮೆಯೂ ಆ ವ್ಯಾನಿನೊಳಗೆ ಕಾಲಿಟ್ಟಿರಲಿಲ್ಲ.

ವ್ಯಾನು ರಸ್ತೆಗಿಳಿಯಬೇಕಾದರೆ ತಪಾಸಣೆಯಲ್ಲಿ ಪಾಸಾಗಬೇಕಿತ್ತು. ಮೊದಲ ಸಲ ಹೋದಾಗ ಬ್ರೇಕು, ದೀಪ, ಹಾರ್ನ್ ಎಲ್ಲ ಸರಿ ಎಂದ ಇನ್‌ಸ್ಪೆಕ್ಟರು, ಮುಂದಿನ ಗಾಜಿಗೆ ನೀರು ಚಿಮ್ಮಲಿಲ್ಲವೆಂದು ವಾಪಸು ಕಳಿಸಿದ್ದರು. ಇನ್ನೊಂದೇ ಅವಕಾಶ, ಆಮೇಲೆ ಗುಜರಿ. ಎರಡನೇ ತಪಾಸಣೆಯ ಹಿಂದಿನ ಸಂಜೆ ಗಡಿಯಾರದವರು ವ್ಯಾನಿನ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಅವರನ್ನು ಹಾಗೆ ನೋಡಿ ಟೈಲರಮ್ಮ ಹತ್ತಿರ ಬಂದರು.

“ಏನಂತೆ ಅವಳಿಗೆ?”

“ಗಾಳಿ ನಿಲ್ತಾ ಇಲ್ಲ.”

“ನೀರಿಗೂ ಗಾಳಿಗೂ ಏನ್ರೀ ಸಂಬಂಧ? ಮೋಟಾರು ಕೆಟ್ಟಿರಬೇಕು.”

“ಇದಕ್ಕೆ ಮೋಟಾರೇ ಇಲ್ಲ ಕಣೆ.” ಅವರು ಮುಂದಿನ ಸೀಟಿನ ಕಾಲ ಬಳಿಯಿದ್ದ ಡಬ್ಬಿ ತೋರಿಸಿದರು. “ಇದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನೀರು. ಮಿಕ್ಕ ಜಾಗಕ್ಕೆ ಸೈಕಲ್ ಪಂಪಲ್ಲಿ ಗಾಳಿ ತುಂಬಬೇಕು. ವೈಪರ್ ಗುಂಡಿಯ ನಡುವೆ ಒತ್ತಿದರೆ ದಾರಿ ತೆರೆಯುತ್ತೆ, ಗಾಳಿ ನೀರನ್ನ ಗಾಜಿಗೆ ನೂಕುತ್ತೆ. ಅಷ್ಟೇ.”

“ನಮ್ಮ ಹಳೇ ಪಂಪ್ ಸ್ಟವ್ ಥರ ಅನ್ನಿ.”

“ಅದೇ ಅದೇ!” ಅವರ ಮುಖ ಒಮ್ಮೆ ಅರಳಿ ಮತ್ತೆ ಬಾಡಿತು. “ಹೋಗಲಿ ಬಿಡು. ಗುಜರಿಗೆ ಹೋದರೆ ನಿನಗೂ ನೆಮ್ಮದಿ.”

“ನಾನು ಯಾವಾಗ ಹಾಗಂದೆ?”

“ಯಾರಿಗೋಸ್ಕರ ತಂದೆ ಅಂದ್ಕೊಂಡಿದ್ದೀಯ ಇದನ್ನ? ಜೀವಮಾನವೆಲ್ಲ ಊರಿಗೆ ಹೊರಟವರ ಬಟ್ಟೆ ಹೊಲಿದೆ. ನೀನು ಎಲ್ಲಿಗೆ ಹೋದೆ ಹೇಳು.”

ಟೈಲರಮ್ಮನ ಕಣ್ಣಂಚು ಒದ್ದೆಯಾಯಿತು, ಮರುಕ್ಷಣವೇ ಸಿಟ್ಟೂ ಬಂತು. “ಬಾಯಿ ಬಿಟ್ಟು ಹೇಳಿದ್ರೆ ತಾನೇ ಗೊತ್ತಾಗೋದು! ಏಳಿ, ಗಾಳಿ ಹಾಕಿ.”

ಅವರು ಪಂಪು ಒತ್ತಿದರು. ಆಕೆ ಸೋಪಿನ ನೊರೆಯಲ್ಲಿ ಬೆರಳು ಅದ್ದಿ ಡಬ್ಬಿಯ ಮೈಗೆಲ್ಲ ಸವರಿದರು. ಮುಚ್ಚಳದ ಸುತ್ತ ಗುಳ್ಳೆಗಳು ಪುಟುಪುಟು ಎದ್ದವು. ಒಳಗಿನ ರಬ್ಬರ್ ಬಳೆ ಒಣಗಿ ಬಿರುಕು ಬಿಟ್ಟಿತ್ತು. ಅಂಗಡಿಗಳೆಲ್ಲ ಬಾಗಿಲು ಹಾಕುವ ಹೊತ್ತು. ಈ ಕಾಲದಲ್ಲಿ ಆ ಅಳತೆಯದು ಸಿಗುವುದೂ ಅಷ್ಟರಲ್ಲೇ ಇತ್ತು. ಟೈಲರಮ್ಮ ಒಳಗೆ ಹೋಗಿ, ತಮ್ಮ ಮಂಡಿನೋವಿಗೆ ಇಟ್ಟುಕೊಂಡಿದ್ದ ಬಿಸಿನೀರಿನ ರಬ್ಬರ್ ಚೀಲ ತಂದರು.

“ಬೇಡ ಕಣೆ, ಅದು ನಿನ್ನ—”

“ಸುಮ್ನಿರಿ.” ಹಳೆಯ ಬಳೆಯನ್ನು ಚೀಲದ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕಾಲರಿನ ಸುತ್ತು ಕತ್ತರಿಸುವ ಹಾಗೆ ಕತ್ತರಿ ಆಡಿಸಿದರು. ಬಳೆ ಮುಚ್ಚಳದೊಳಗೆ ಹೇಳಿ ಮಾಡಿಸಿದಂತೆ ಕೂತಿತು. ಈ ಸಲ ಒಂದು ಗುಳ್ಳೆಯೂ ಏಳಲಿಲ್ಲ.

ಬೆಳಿಗ್ಗೆ ಆಕೆ ತಾವಾಗಿಯೇ ಬಂದು ಮುಂದಿನ ಸೀಟಿನಲ್ಲಿ ಕೂತರು. “ಪಂಪು ಹಿಡ್ಕೊಳ್ಳೋಕೆ ಒಬ್ಬರು ಬೇಕಲ್ಲ,” ಎಂದರು, ಯಾರೂ ಕೇಳದಿದ್ದರೂ.

ತಪಾಸಣೆಯ ಅಂಗಳದಲ್ಲಿ ಉದ್ದ ಸಾಲು. ಇನ್‌ಸ್ಪೆಕ್ಟರು ಹತ್ತಿರ ಬಂದಂತೆಲ್ಲ ಟೈಲರಮ್ಮನಿಗೆ ಗಾಳಿ ಸಾಲದೇನೋ ಎಂಬ ಅನುಮಾನ. ಇರಲಿ ಎಂದು ಇನ್ನೊಂದಿಷ್ಟು ಗಾಳಿ ಒತ್ತಿದರು. ಅದೂ ಸಾಲದೆಂದು ಮತ್ತೊಂದಿಷ್ಟು.

“ಹೂಂ, ನೀರು ಬಿಡಿ,” ಎಂದು ಇನ್‌ಸ್ಪೆಕ್ಟರು ವ್ಯಾನಿನ ಹಿಂದಕ್ಕೆ ನಡೆದು, ನಂಬರು ಓದಲು ಬಗ್ಗಿದರು. ಗಡಿಯಾರದವರು ಗುಂಡಿ ಒತ್ತಿದರು. ನೀರು ಗಾಜಿನ ಗೊಡವೆಗೇ ಹೋಗದೆ ಛಾವಣಿಯನ್ನು ದಾಟಿ ಹಾರಿ ನೇರ ಇನ್‌ಸ್ಪೆಕ್ಟರ ಬೋಳುತಲೆಯ ಮೇಲೆ ಇಳಿಯಿತು.

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಟೈಲರಮ್ಮ ಇಳಿದು ಓಡಿದರು. “ತಪ್ಪು ನಂದು ಸಾರ್, ಗಾಳಿ ಹಾಕಿದ್ದು ನಾನು. ಅವಳದ್ದೇನೂ ತಪ್ಪಿಲ್ಲ!”

“ಅವಳಾ? ಯಾರಮ್ಮ ಅವಳು?”

“ನನ್ನ ಸವತಿ ಸಾರ್,” ಎಂದುಬಿಟ್ಟರು, ಗಾಬರಿಯಲ್ಲಿ ವ್ಯಾನಿನತ್ತ ಕೈತೋರಿಸಿ.

ಇನ್‌ಸ್ಪೆಕ್ಟರು ಮೊದಲು ಕೆಮ್ಮಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಹೊಟ್ಟೆ ಕುಲುಕುವಂತೆ ನಕ್ಕರು. “ಸ್ವಲ್ಪ ಗಾಳಿ ಬಿಟ್ಟು ಇನ್ನೊಂದು ಸಲ ತೋರಿಸಿ. ನಾನು ಪಕ್ಕದಲ್ಲೇ ನಿಲ್ತೀನಿ.” ಈ ಸಲ ನೀರು ಅಚ್ಚುಕಟ್ಟಾಗಿ ಗಾಜಿನ ಮೇಲೇ ಬಿತ್ತು, ವೈಪರು ಒರೆಸಿತು, ಇನ್‌ಸ್ಪೆಕ್ಟರು ಮುದ್ರೆ ಒತ್ತಿದರು.

ಗೇಟು ದಾಟಿ ರಸ್ತೆಗೆ ಬಂದ ಮೇಲೆ ಗಡಿಯಾರದವರು ಕೇಳಿದರು, “ಮನೆಗಾ?”

“ಇಷ್ಟು ಬೇಗ ಮನೆಗೆ ಹೋಗಿ ಏನು ಮಾಡೋದು? ಹೊಳೆ ಕಡೆ ತಿರುಗಿಸ್ರೀ.”

ಅವರು ತಿರುಗಿಸಿದರು. ಟೈಲರಮ್ಮ ಚಪ್ಪಲಿ ಬಿಚ್ಚಿ, ಕಾಲು ಮಡಚಿ, ಆರಾಮಾಗಿ ಒರಗಿ ಕೂತು ರಸ್ತೆ ನೋಡತೊಡಗಿದರು.