ಓಗೊಟ್ಟ ಕೊಳ

ಮನೆಯ ಮುಂದೆ 'ಮಿಕ್ಸಿಂಗ್ ಮತ್ತು ಮಾಸ್ಟರಿಂಗ್' ಎಂದು ಬೋರ್ಡು ಹಾಕಿದ ವಾರದಲ್ಲೇ ಒಬ್ಬರು ಕೆಟ್ಟ ಮಿಕ್ಸಿ ಜಾರು ತಂದುಕೊಟ್ಟು, ಸಂಜೆಯೊಳಗೆ ಬ್ಲೇಡು ಸರಿಮಾಡಿಡಿ ಅಂದರು. ಅರಸೀಕೆರೆಯಲ್ಲಿ ನನ್ನ ಕಸುಬಿಗಿರುವ ಮರ್ಯಾದೆ ಅಷ್ಟು. ಹಾಡಿದವರ ದನಿಯಿಂದ ಗದ್ದಲ ತೆಗೆದು, ತಬಲಾ, ಹಾರ್ಮೋನಿಯಂ, ಕಂಠ ಒಂದನ್ನೊಂದು ತುಳಿಯದ ಹಾಗೆ ಹದ ಮಾಡಿ, ಫೋನಿನಲ್ಲೂ ಕಾರಿನಲ್ಲೂ ಕೇಳಲು ಚೆಂದವಾಗಿಸುವುದು ನನ್ನ ಕೆಲಸ ಎಂದು ವಿವರಿಸಿದರೆ, 'ಅಂದ್ರೆ ಡಿಜೆನಾ' ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಸ್ಟುಡಿಯೋ ಎಂದರೆ ಹಿಂದಿನ ಕೋಣೆ. ಗೋಡೆಗೆಲ್ಲ ತೆಂಗಿನ ನಾರಿನ ಚಾಪೆ ಹೊಡೆಸಿದ್ದೇನೆ. ರೈಲು ಬಂದರೆ ಕೆಲಸ ನಿಲ್ಲಿಸಿ ಕಾಯುತ್ತೇನೆ. ಜಂಕ್ಷನ್ ಊರಿನಲ್ಲಿ ಸಂಸಾರ ಹೂಡಿ ರೈಲಿನ ಮೇಲೆ ಮುನಿಸಿಕೊಂಡರೆ ಯಾರಿಗೆ ನಷ್ಟ?

ಜಾವಗಲ್ಲಿನ ಕಾಯಿ ವ್ಯಾಪಾರಿ ಉದಯಕುಮಾರ್ ತನ್ನ ತಾಯಿ ಗುರುಸಿದ್ದಮ್ಮನನ್ನು ಕರೆತಂದದ್ದು ಈ ಕೋಣೆಗೇ. ಅವರ ಕಿರಿಯ ಮಗ ಚಿದಂಬರ ನಾಲ್ಕು ವರ್ಷದ ಹಿಂದೆ ತೆಂಗಿನಕಾಯಿ ಲೋಡಿನ ಜೊತೆ ಉತ್ತರದ ಕಡೆ ಹೋಗಿದ್ದ. ಲಾರಿ ವಾಪಸು ಬಂತು, ಅವನು ಬರಲಿಲ್ಲ. ಮಗನನ್ನು ಕರೆಯುವ ಹಾಡೊಂದನ್ನು ಗುರುಸಿದ್ದಮ್ಮ ತಾವೇ ಕಟ್ಟಿದ್ದರು. ಪ್ರತಿ ನುಡಿಯ ಕೊನೆಗೂ 'ಚಿದಂಬರಾ, ಬಾರಪ್ಪ' ಎಂದು ಬರುತ್ತಿತ್ತು.

"ಹಾಡು ಫೋನಲ್ಲಿ ಎಲ್ಲಾ ಕಡೀಕೂ ಹೋಯ್ತದಂತಲ್ಲವ್ವಾ. ಅವ್ನಿರೋ ತಾವ್ಕೂ ಹೋಯ್ತದೆ," ಎಂದರು.

ಉದಯಕುಮಾರ್ ನನ್ನನ್ನು ಜಗಲಿಗೆ ಕರೆದು ಬೇರೆಯೇ ಹೇಳಿದ. "ನಮ್ ಪಾಲಿಗೆ ಅವ್ನು ಮುಗ್ದೋದ, ವಿಭಾ ಮೇಡಂ. ಶಿವಗಣಾರಾಧನೆ ಮಾಡಿ ಒಂದು ನೆಲೆ ಕಾಣ್ಸಣ ಅಂದ್ರೆ ಅವ್ವ ಒಪ್ತಿಲ್ಲ. ಹೆಣ ತೋರ್ಸು, ಆಮ್ಯಾಕೆ ಮಾತಾಡು ಅಂತದೆ."

ಹಾಡಿಸಿದೆ. ಎಂಥ ಕಂಠ! ಆದರೆ ನಾರಿನ ಗೋಡೆಗಳ ನಡುವೆ ಅದು ಒಣಗಿ ನಿಂತಿತ್ತು, ಸುತ್ತ ಗಾಳಿಯೇ ಇಲ್ಲದಂತೆ. ಅದಕ್ಕೆ ಮದ್ದು ನನ್ನ ಬಳಿ ಇತ್ತು. ಹಿಂದಿನ ತಿಂಗಳು ಹುಲಿಕೆರೆಯ ಮೆಟ್ಟಿಲು ಕೊಳದಲ್ಲಿ ಬಲೂನೊಂದನ್ನು ಒಡೆದು, ಕಲ್ಲಿನಿಂದ ಕಲ್ಲಿಗೆ ಬಡಿದು ಬಂದ ಸದ್ದನ್ನು ಹಿಡಿದು ತಂದಿದ್ದೆ. ಅದನ್ನು ಕಂಪ್ಯೂಟರಿಗೆ ಕೊಟ್ಟರೆ, ಆಮೇಲೆ ಯಾರ ದನಿ ಹಾಕಿದರೂ ಅವರು ಕೊಳದ ಮೆಟ್ಟಿಲ ಮೇಲೆ ನಿಂತು ಹಾಡಿದ ಹಾಗೆ ಮಾರ್ದನಿ ಕೂಡಿಕೊಳ್ಳುತ್ತದೆ. ಇದನ್ನು ಹೇಳಿದಾಗ ಗುರುಸಿದ್ದಮ್ಮನ ಮುಖ ಅರಳಿತು. "ಹುಲಿಕೆರೆ ನನ್ ತೌರು ಕಣವ್ವ," ಎಂದರು.

ಮಾರನೆಯ ದಿನ ತಿಂಡಿ ಮುಗಿಸಿ ಕೆಲಸಕ್ಕೆ ಕೂತೆ. ರೈಲಿನ ಗುಂಯ್‌ಗುಡುವಿಕೆ ತೆಗೆದೆ, ಕಂಠ ಮುಂದೆ ತಂದೆ, ಕೊಳವನ್ನು ಸೇರಿಸಿ ಕೇಳಿದೆ. 'ಚಿದಂಬರಾ, ಬಾರಪ್ಪ.' ಮಾರ್ದನಿ ಮೆಟ್ಟಿಲಿಳಿದು ಹೋಯಿತು. ಅದು ಅಡಗುವ ಹೊತ್ತಿಗೆ ಗಂಡುದನಿಯೊಂದು 'ಓ' ಎಂದಿತು.

ಪಕ್ಕದ ಮನೆಯವರು ಯಾರೋ ಎಂದುಕೊಂಡೆ. ಕೊಳ ತೆಗೆದು ಕೇಳಿದರೆ ಓ ಇಲ್ಲ, ಸೇರಿಸಿದರೆ ಇದೆ. ಬಲೂನಿನ ಸದ್ದನ್ನೊಂದೇ ಹಾಕಿದೆ. ಒಡೆದ ಸದ್ದು, ಕಲ್ಲು, ಮೌನ. ಅಷ್ಟೇ. ಮತ್ತೆ ಹಾಡು ಹಾಕಿದೆ. ಪ್ರತಿ ನುಡಿಗೂ ಅವನು ಓಗೊಟ್ಟ.

ನಾನು ಸುಲಭಕ್ಕೆ ಹೆದರುವವಳಲ್ಲ, ಮೊದಲು ಕೇಬಲ್ಲನ್ನು ಬೈಯುವವಳು. ಮೈಕಿನ ಮುಂದೆ ಕೂತು ನಾನೇ ಕರೆದು ನೋಡಿದೆ. 'ಚೆಲುವಾಂಬ' ಎಂದೆ. ಅಮ್ಮ ಅಡುಗೆಮನೆಯಲ್ಲಿ ಹುಣಸೆಹಣ್ಣು ಕಿವುಚುತ್ತಿದ್ದರು, ಕೊಳ ಸುಮ್ಮನಿತ್ತು. 'ವಿಜಯಸಾರಥಿ' ಎಂದೆ. ಗಂಡ ಆಫೀಸಿನಲ್ಲಿದ್ದರು, ಕೊಳ ಸುಮ್ಮನಿತ್ತು. ಆಮೇಲೆ ಬೇಡವೆಂದರೂ ಬಾಯಿ ಕೇಳಲಿಲ್ಲ.

ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ಬೇಲೂರಿನ ಗುಡಿಯಲ್ಲಿ ಸೇವೆಗಿದ್ದವರು, ನಶ್ಯ ಏರಿಸಿ ಏರಿಸಿ ಮೂಗು ಕಟ್ಟಿದ ದನಿ. ಹೆಸರು ಹಿಡಿದು ಅಪ್ಪನನ್ನು ಜನ್ಮದಲ್ಲಿ ಕರೆದವಳಲ್ಲ. ಪೋಸ್ಟ್‌ಮ್ಯಾನ್ ಕೂಗುವ ಹಾಗೆ 'ಗೋಪಾಲಸ್ವಾಮೀ' ಎಂದೆ.

'ಓ' ಬಂತು. ಮೂಗು ಕಟ್ಟಿದ ಓ.

ಹೆಡ್‌ಫೋನು ಕಿತ್ತೆಸೆದು ಅಂಗಳದ ಬಿಸಿಲಿಗೆ ಹೋಗಿ ನಿಂತೆ. ಹೆದರಿಕೆಯೋ, ಅಪ್ಪನ ದನಿ ಕೇಳಿದ ಸಂಕಟವೋ, ಅಳು ಮಾತ್ರ ತಡೆಯಲಾಗಲಿಲ್ಲ. ಬದುಕಿರುವವರನ್ನು ಕರೆದರೆ ಕೊಳ ಸುಮ್ಮನಿರುತ್ತದೆ ಎಂಬುದು ಆಗ ತಲೆಗೆ ಹತ್ತಿತು. ಚಿದಂಬರ ಓಗೊಟ್ಟಿದ್ದ. ಇದನ್ನು ಆ ತಾಯಿಗೆ ಯಾವ ಬಾಯಿಂದ ಹೇಳಲಿ?

ಹೇಳುವುದು ಬೇಡವೆಂದು ನಿರ್ಧರಿಸಿದೆ. ಕೊಳವನ್ನು ತೆಗೆದುಹಾಕಿ, ಯಾವುದೋ ಕಲ್ಯಾಣ ಮಂಟಪದಂಥ ಮಾಮೂಲಿ ಮಾರ್ದನಿ ಹಚ್ಚಿ ಹಾಡು ಮುಗಿಸಿದೆ. ತಾಯಿ ಮಗ ಕೇಳಲು ಬಂದರು. ಮೊದಲ ನುಡಿ ಮುಗಿಯುವುದರೊಳಗೆ ಗುರುಸಿದ್ದಮ್ಮ ತಲೆಯಾಡಿಸಿದರು.

"ಇದು ನಮ್ ಕೊಳ ಅಲ್ಲ."

"ಅದು ಸರಿ ಬರ್ಲಿಲ್ಲಮ್ಮ, ದನಿ ಕಲಸಿಹೋಯ್ತು," ಎಂದೆ.

"ಕಲಸೋಗ್ಲಿ ಬಿಡು. ಅದ್ನೇ ಹಾಕು."

ಎಷ್ಟು ನೆವ ಹೇಳಿದರೂ ಕೇಳಲಿಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು, ಕೇಳಿಯೇ ಏಳುವವರಂತೆ ಕೂತಿದ್ದರು. ಹಾಕಿದೆ.

'ಚಿದಂಬರಾ, ಬಾರಪ್ಪ.' ಮೆಟ್ಟಿಲಿಂದ ಮೆಟ್ಟಿಲಿಗೆ ಹೆಸರು ಇಳಿಯಿತು. 'ಓ.'

ಉದಯಕುಮಾರ್ ಕುರ್ಚಿ ಬೀಳಿಸಿಕೊಂಡು ಎದ್ದ. "ಅವ್ನ್ ದನಿ ಕಣವ್ವಾ, ಅವ್ನ್ದೇ. ಬದ್ಕವ್ನೆ. ಎಲ್ಲೋ ಬದ್ಕವ್ನೆ." 'ಅವ್ನು ಮುಗ್ದೋದ' ಅಂದಿದ್ದವನೇ ಈಗ ಫೋನು ತೆಗೆದು, ಯಾರಿಗೆ ಮಾಡಬೇಕೆಂದು ತಿಳಿಯದೆ ಕೈಯಲ್ಲಿ ತಿರುಗಿಸುತ್ತಿದ್ದ.

ಗುರುಸಿದ್ದಮ್ಮ ಅಲುಗಾಡಲಿಲ್ಲ. ಎರಡನೆಯ ಓ ಬಂತು, ಮೂರನೆಯದು ಬಂತು. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಕುಂತ್ಕೊಳ್ಳಾ, ಉದಯ. ಹುಟ್ಟಿದಾಗ್ನಿಂದ ಅವ್ನು ನನಗೆ ಯಾವತ್ತು ಓ ಅಂದಿದ್ದ, ಹೇಳು? ಹತ್ತು ಸಲ ಕರುದ್ರೂ ತುಟಿ ಬಿಚ್ತಿರ್ಲಿಲ್ಲ. ಸುಮ್ಕೆ ಬಂದು ಬೆನ್ನಿಂದೆ ನಿಂತ್ಕೊಳ್ಳೋನು."

ಉದಯಕುಮಾರ್ ಬಿದ್ದ ಕುರ್ಚಿ ಎತ್ತಿಟ್ಟು ಕೂತ.

"ಬದ್ಕಿರೋನಾದ್ರೆ ಬತ್ತಾನೆ ಕಣಪ್ಪ. ಬರಕ್ಕಾಗ್ದೋನು ಓ ಅಂತಾನೆ."

ಅವನ ಫೋನು ಮೆಲ್ಲಗೆ ಜೇಬಿಗಿಳಿಯಿತು. ದೂರದಲ್ಲಿ ರೈಲೊಂದು ಕೂಗಿಕೊಂಡು ಸ್ಟೇಷನ್ನಿಗೆ ಬಂತು. ನಾನು ಹಾಡು ನಿಲ್ಲಿಸಿದೆ.

"ಗಣಾರಾಧನೆ ಮಾಡ್ಸು," ಎಂದರು ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿದರು. "ನೀನೊಂದ್ ಕೆಲ್ಸ ಮಾಡವ್ವ. 'ಬಾರಪ್ಪ' ಅನ್ನೋದ್ನ ತೆಗ್ದ್‌ಬಿಡು. ಬರಕ್ಕಾಗ್ದೋನ್ನ ಬಾ ಬಾ ಅಂತ ಗೋಳ್ಹುಯ್ಕೋಬಾರ್ದು. ಹೆಸ್ರೊಂದಿರ್ಲಿ."

ತೆಗೆಯತೊಡಗಿದೆ. ಪರದೆಯ ಮೇಲೆ ಆ ಪದ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ತೋರಿಸಿ, ಒಂದೊಂದನ್ನೇ ಅಳಿಸುತ್ತ ಬಂದೆ. ಅವರು ಪಕ್ಕದಲ್ಲಿ ಕೂತು ಪ್ರತಿಯೊಂದಕ್ಕೂ ಹೂಂ ಅನ್ನುತ್ತಿದ್ದರು. ಕೊನೆಯ ನುಡಿಗೆ ಬಂದಾಗ ಹೂಂ ಬರಲಿಲ್ಲ. ಮೌಸಿನ ಮೇಲಿದ್ದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಇದೊಂದು ಇರ್ಲಿ ಕಣವ್ವ," ಎಂದರು.